ಮನಸ್ಸಿಲ್ಲದ ಮನಸ್ಸು: ‘ಹೆಕೋನ್’ ಎಂಬ ಗ್ರೀಕ್ ಪದದ ಸುತ್ತ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತೇನೆ ಅಂದಾಗ ನಮ್ಮ ಸಂಚಾಲಕರ ಮುಖ ಸಣ್ಣಗಾಯಿತು. ಅದೂ ಹಳೆಯ ಗ್ರೀಕ್ ಪದ. ಅದರಲ್ಲೂ ಒಂದು ಗುಣವಾಚಕ. “ಜನ ಬರ್ತಾರಾ ಸಾರ್?” ಅಂದರು. ಕೊನೆಗೆ ಒಪ್ಪಿದರು. ಹೇಗೆ ಒಪ್ಪಿದರು? ಮನಸ್ಸಿಲ್ಲದ ಮನಸ್ಸಿನಿಂದ. ನನಗೆ ಬೇಕಾಗಿದ್ದೂ ಇದೇ ಮಾತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಈ ಮಾತನ್ನು ನಾವು ದಿನಾ ಆಡುತ್ತೇವೆ, ಆದರೆ ಒಂದು ಸಲ ನಿಂತು ನೋಡಿದರೆ ವಿಚಿತ್ರವಾಗಿದೆ. ಮನಸ್ಸೇ ಇಲ್ಲ ಅಂದಮೇಲೆ ಇನ್ಯಾವ ಮನಸ್ಸಿನಿಂದ ಒಪ್ಪಿದ್ದು? ಒಳಗೆ ಇಬ್ಬರು ಕೂತಿದ್ದಾರೆ ಅನ್ನೋ ಹಾಗಿದೆ. ಒಬ್ಬ ತಲೆಯಾಡಿಸುತ್ತಾನೆ, ಇನ್ನೊಬ್ಬ ಮುಖ ತಿರುಗಿಸುತ್ತಾನೆ.

ಹೋಮರನ ಇಲಿಯಡ್‌ನ 4ನೇ ಸರ್ಗದಲ್ಲಿ ಹೆಚ್ಚುಕಡಿಮೆ ಇದೇ ಮಾತಿದೆ. ದೇವತೆಗಳೆಲ್ಲ ಕೂತಿದ್ದಾರೆ. ಟ್ರಾಯ್ ನಗರ ನಾಶವಾಗಲೇಬೇಕು ಅಂತ ಹೀರಾಳ ಹಟ. ಅವಳ ಗಂಡ, ದೇವತೆಗಳ ದೊರೆ ಝ್ಯೂಸ್‌ಗೆ ಆ ಊರಿನ ಮೇಲೆ ಪ್ರೀತಿ. ಅಲ್ಲಿನ ಜನ ಅವನ ಬಲಿಪೀಠಕ್ಕೆ ಒಂದು ದಿನವೂ ಕಡಿಮೆ ಮಾಡಿದವರಲ್ಲ. ಆದರೂ ಹೆಂಡತಿಯ ಮುಂದೆ ಸೋಲುತ್ತಾನೆ. ಸೋತು ಹೇಳುತ್ತಾನೆ: ನಾನಾಗಿಯೇ ಕೊಟ್ಟಿದ್ದೇನೆ, ಒಲ್ಲದ ಮನಸ್ಸಿನಿಂದ. ಗ್ರೀಕ್‌ನಲ್ಲಿ ‘ಹೆಕೋನ್ ಅಎಕೊಂತಿ ಗೆ ಥುಮೋಯ್’. ಹೆಕೋನ್ ಅಂದರೆ ಒಪ್ಪಿ, ಮನಸಾರೆ, ತಾನಾಗಿಯೇ ಮಾಡುವವನು. ಅಎಕೋನ್ ಅಂದರೆ ಒಲ್ಲದವನು. ಥುಮೊಸ್ ಅಂದರೆ ಎದೆಯೊಳಗಿನ ಮನಸ್ಸು. ಕೊಟ್ಟವನು ಹೆಕೋನ್, ಅವನ ಮನಸ್ಸು ಅಎಕೋನ್. ಮುಂದೆ ನನಗೆ ನಿನ್ನ ಊರೊಂದನ್ನು ಕೆಡವಬೇಕು ಅನ್ನಿಸಿದರೆ ಅಡ್ಡ ಬರಬೇಡ ಅಂತಲೂ ಹೇಳುತ್ತಾನೆ. ಹೀರಾ ತಕ್ಷಣ ತನಗೆ ಇಷ್ಟವಾದ ಮೂರು ಊರು ಲೆಕ್ಕ ಕೊಡುತ್ತಾಳೆ: ಆರ್ಗಾಸ್, ಸ್ಪಾರ್ಟಾ, ಮೈಸೀನಿ. ಬೇಕಾದಾಗ ಕೆಡವಿಕೋ ಅನ್ನುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಇಲ್ಲಿ ಬಡವಾಗಿದ್ದು ಊರುಗಳು.

ಈಗ ಪದದ ರೂಪಗಳನ್ನು ನೋಡೋಣ. ಭಯಪಡಬೇಡಿ, ಪರೀಕ್ಷೆ ಇಲ್ಲ.

ಗಂಡಸಾದರೆ ಹೆಕೋನ್. ಹೆಂಗಸಾದರೆ ಹೆಕೂಸ. ನಪುಂಸಕಲಿಂಗವಾದರೆ ಹೆಕೊನ್. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಬರೀ ದೀರ್ಘ ಮತ್ತು ಹ್ರಸ್ವದ್ದು: ಕೋ, ಕೊ. ಇಲ್ಲಿ ನಾವು ಸ್ವಲ್ಪ ಬೀಗಬಹುದು. ಗ್ರೀಕ್‌ನಲ್ಲಿ ಎ, ಏ, ಒ, ಓ ನಾಲ್ಕಕ್ಕೂ ಬೇರೆ ಬೇರೆ ಅಕ್ಷರ ಇದೆ. ಕನ್ನಡದಲ್ಲೂ ಇದೆ. ಸಂಸ್ಕೃತಕ್ಕೆ ಹ್ರಸ್ವ ಎ, ಒ ಇಲ್ಲವೇ ಇಲ್ಲ. ಹಾಗಾಗಿ ಗ್ರೀಕ್ ಪದವನ್ನು ಕನ್ನಡದಲ್ಲಿ ಬರೆದರೆ ಉಚ್ಚಾರಣೆ ಹೆಚ್ಚು ಕೆಡುವುದಿಲ್ಲ.

ವಿಭಕ್ತಿ ಬಂದಾಗ ಪದ ಹಿಗ್ಗುತ್ತದೆ. ‘ಒಪ್ಪಿದವನನ್ನು’ ಅನ್ನಬೇಕಾದರೆ ಹೆಕೊಂತ. ‘ಒಪ್ಪಿದವನ’ ಅಂದರೆ ಹೆಕೊಂತೊಸ್. ‘ಒಪ್ಪಿದವನಿಗೆ’ ಹೆಕೊಂತಿ. ಬಹುವಚನಕ್ಕೆ ಹೆಕೊಂತೆಸ್. ಒಪ್ಪಿದವಳನ್ನು ಅಂದರೆ ಹೆಕೂಸನ್. ಇಬ್ಬರೇ ಇದ್ದರೆ ದ್ವಿವಚನ ಕೂಡ ಇದೆ: ಹೆಕೊಂತೆ. ಹೋಮರ್ ರಥದ ಜೋಡಿ ಕುದುರೆಗಳಿಗೆ ಈ ದ್ವಿವಚನವನ್ನು ಮತ್ತೆ ಮತ್ತೆ ಬಳಸುತ್ತಾನೆ. ಚಾಟಿ ಬೀಸಿದ, ಅವೆರಡೂ ‘ಊಕ್ ಅಎಕೊಂತೆ’ ಹಾರಿದವು ಅನ್ನುತ್ತಾನೆ. ಒಲ್ಲದೆ ಅಲ್ಲ, ಖುಷಿಯಾಗೇ ಓಡಿದವು ಅಂತ. ಎರಡು ಕುದುರೆಗಳ ಮನಸ್ಸು ಒಂದು ಪ್ರತ್ಯಯದಲ್ಲಿ.

ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ಇಷ್ಟರಲ್ಲಿ ಏನೋ ನೆನಪಾಗಿರಬೇಕು. ಗಚ್ಛನ್, ಗಚ್ಛಂತೌ, ಗಚ್ಛಂತಃ. ಅದೇ ರಾಗ, ಅಲ್ವಾ? ಸುಮ್ನೆ ಕಾಕತಾಳೀಯ ಅಲ್ಲ. ಗಚ್ಛನ್ ಅಂದರೆ ಹೋಗುತ್ತಾ ಇರುವವನು. ಹಾಗೇ ಹೆಕೋನ್ ಅಂದರೆ ಮೂಲದಲ್ಲಿ ‘ಬಯಸುತ್ತಾ ಇರುವವನು’. ಬಯಸು ಅನ್ನುವ ಆ ಕ್ರಿಯಾಪದ ಗ್ರೀಕ್‌ನಲ್ಲಿ ಯಾವತ್ತೋ ಸತ್ತುಹೋಯಿತು. ಅದರ ಕೂಸಾದ ಹೆಕೋನ್ ಮಾತ್ರ ಅನಾಥವಾಗಿ ಉಳಿದು, ಗುಣವಾಚಕದ ಮನೆಯಲ್ಲಿ ಬೆಳೆಯಿತು.

ಕನ್ನಡದಲ್ಲೂ ಇಂಥದ್ದೊಂದು ಇದೆ. ಒಲ್ ಅನ್ನುವ ಹಳೆಯ ಧಾತು. ‘ಒಲ್ಲೆ’, ‘ಒಲ್ಲದ’ ಅಂತೀವಿ. ಹುಬ್ಬಳ್ಳಿ ಕಡೆ ‘ನಾ ಒಲ್ಲೆ’ ಅಂದರೆ ಅಲ್ಲಿಗೆ ಮಾತು ಮುಗೀತು. ಆದರೆ ಅದೇ ಧಾತುವಿಂದ ‘ಹೌದು, ಒಪ್ಪಿದೆ’ ಅನ್ನುವ ರೂಪವನ್ನು ಇವತ್ತು ಯಾರೂ ಆಡುವುದಿಲ್ಲ. ಒಲಿ, ಒಲವು ಇವೆ, ಆದರೆ ಅವು ಪ್ರೀತಿಯ ಕಡೆ ಹೊರಳಿವೆ. ಬೇಡ ಅನ್ನುವುದು ಮಾತ್ರ ಗಟ್ಟಿಯಾಗಿ ಉಳಿದಿದೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನುವ ಗಾದೆಯ ಗಂಡ ಪಕ್ಕಾ ಅಎಕೋನ್.

ಸರಿ, ಸತ್ತುಹೋದ ಆ ಕ್ರಿಯಾಪದ ಯಾವುದು? ಅದು ನಮ್ಮ ಕಡೆ ಬದುಕಿದೆ. ಸಂಸ್ಕೃತದ ‘ವಶ್’ ಧಾತು. ಅರ್ಥ, ಬಯಸು. ಗ್ರೀಕ್‌ನ ಕೆಲವು ಕ-ಕಾರಗಳು ಸಂಸ್ಕೃತದಲ್ಲಿ ಶ ಆಗಿರುತ್ತವೆ. ಅವರ ದೆಕ ನಮ್ಮ ದಶ, ಅವರ ಹೆಕತೊನ್ ನಮ್ಮ ಶತ. ಹಾಗೇ ಹಳೆಯ ವ-ಕಾರ ಗ್ರೀಕ್‌ನಲ್ಲಿ ಜಾರಿಹೋಗಿರುತ್ತದೆ. ಹಾಗಾಗಿ ಹೆಕೋನ್ ಒಂದು ಕಾಲಕ್ಕೆ ‘ವೆಕೋನ್’ ಆಗಿತ್ತು. ವ್-ಎ-ಕ್, ವ್-ಅ-ಶ್. ಒಂದೇ ಬೇರು.

ವ ಇತ್ತು ಅನ್ನೋದಕ್ಕೆ ಸಾಕ್ಷಿ ಏನು? ಝ್ಯೂಸ್‌ನ ಸಾಲೇ ಸಾಕ್ಷಿ. ಅಲ್ಲಿ ‘ದೋಕ ಹೆಕೋನ್’ ಅಂತಿದೆ. ದೋಕ ಅಂದರೆ ಕೊಟ್ಟೆ. ಮುಂದೆ ಸ್ವರ ಬಂದರೆ ಹಿಂದಿನ ಕೊನೆಯ ಅ-ಕಾರ ಬಿದ್ದುಹೋಗುವುದು ಹೋಮರನಲ್ಲಿ ರೂಢಿ. ನಾವು ಹೈಸ್ಕೂಲಿನಲ್ಲಿ ಓದಿದ ಲೋಪಸಂಧಿಯ ಥರ: ಊರು ಅಲ್ಲಿ, ಊರಲ್ಲಿ. ಗ್ರೀಕರ ಲೆಕ್ಕದಲ್ಲಿ ಮೊದಲ ಹ-ಕಾರ ಸಂಧಿಗೆ ಅಡ್ಡ ಬರುವುದಿಲ್ಲ, ಅದು ಬರೀ ಉಸಿರು. ಆದರೂ ದೋಕ-ದ ಅ ಬಿದ್ದಿಲ್ಲ. ಬಿದ್ದರೆ ಛಂದಸ್ಸು ಕೆಡುತ್ತದೆ. ಯಾಕೆ ಬಿದ್ದಿಲ್ಲ ಅಂದರೆ ಆ ಸಾಲು ಹುಟ್ಟಿದ ಕಾಲಕ್ಕೆ ನಡುವೆ ಒಂದು ವ ಕೂತಿತ್ತು. ‘ದೋಕ ವೆಕೋನ್’. ವ ಎದ್ದುಹೋದ ಮೇಲೂ ಅದು ಕೂತಿದ್ದ ಜಾಗ ಖಾಲಿ ಉಳಿಯಿತು. ಯಾರೂ ಅಲ್ಲಿ ಕೂರಲಿಲ್ಲ.

ಇನ್ನೊಂದು ಸಾಕ್ಷಿ ‘ಅಎಕೋನ್’ನಲ್ಲೇ ಇದೆ. ಇಲ್ಲ ಅನ್ನುವುದಕ್ಕೆ ಸಂಸ್ಕೃತದಲ್ಲಿ ವ್ಯಂಜನದ ಹಿಂದೆ ಅ, ಸ್ವರದ ಹಿಂದೆ ಅನ್. ಅಧರ್ಮ, ಆದರೆ ಅನಾದಿ. ಗ್ರೀಕ್‌ಗೂ ಇದೇ ನಿಯಮ, ಇದೇ ಪ್ರತ್ಯಯ. ಎ-ಕಾರದ ಹಿಂದೆ ‘ಅನ್’ ಬರಬೇಕಿತ್ತು, ‘ಅ’ ಬಂದಿದೆ. ಯಾಕೆಂದರೆ ಅಲ್ಲೂ ವ ಇತ್ತು, ಅವೆಕೋನ್. ಮುಂದೆ ಅಥೆನ್ಸಿನ ಜನ ಅ ಮತ್ತು ಎ ಎರಡನ್ನೂ ಕೂಡಿಸಿ ‘ಆಕೋನ್’ ಮಾಡಿಕೊಂಡರು. ಇನ್ನು ಮೇಲೆ ನಾನೂ ಆಕೋನ್ ಅಂತಲೇ ಹೇಳುತ್ತೇನೆ.

ವಶ್ ಧಾತುವಿನ ಗಚ್ಛನ್ ಥರದ ರೂಪ ಏನು? ‘ಉಶನ್’. ಕೇಳಿದ ಹಾಗಿದೆಯಾ? ಕಠೋಪನಿಷತ್ತಿನ ಮೊದಲ ಪದವೇ ಅದು. ‘ಉಶನ್ ಹ ವೈ ವಾಜಶ್ರವಸಃ ಸರ್ವವೇದಸಂ ದದೌ.’ ಫಲ ಬಯಸಿ ವಾಜಶ್ರವಸ ತನ್ನದೆಲ್ಲವನ್ನೂ ದಾನ ಕೊಟ್ಟ. ನಚಿಕೇತನ ಕಥೆ. ಉಶನ್ ಮತ್ತು ಹೆಕೋನ್ ಒಂದೇ ತಾಯಿಯ ಮಕ್ಕಳು. ಝ್ಯೂಸ್ ‘ದೋಕ ಹೆಕೋನ್’ ಅಂದ, ಇಲ್ಲಿ ‘ಉಶನ್ ದದೌ’. ಕೊಡುವ ಕ್ರಿಯಾಪದ ಕೂಡ ಎರಡರಲ್ಲೂ ಒಂದೇ ಬೇರಿನದು. ಇದು ಗೊತ್ತಾದ ದಿನ ನನಗೆ ರಾತ್ರಿ ಊಟ ಸರಿಯಾಗಿ ಸೇರಲಿಲ್ಲ. ಅಷ್ಟು ಖುಷಿ.

ಆದರೆ ಅಣ್ಣ ತಮ್ಮಂದಿರ ದಾರಿ ಬೇರೆಯಾಯಿತು. ಗ್ರೀಕ್‌ನ ಹೆಕೋನ್‌ಗೆ ‘ಒಪ್ಪಿ ಮಾಡುವವನು’ ಅನ್ನುವ ಅರ್ಥ ನಿಂತಿತು. ಇಲ್ಲಿನ ಉಶನ್ ‘ಆಸೆಪಟ್ಟು’ ಅನ್ನುವಲ್ಲೇ ಉಳಿಯಿತು. ವಾಜಶ್ರವಸ ಕೊಟ್ಟ ಹಸುಗಳನ್ನು ನೆನಪು ಮಾಡಿಕೊಳ್ಳಿ. ನೀರು ಕುಡಿದು ಮುಗಿದ, ಹುಲ್ಲು ತಿಂದು ಮುಗಿದ, ಹಾಲು ಕರೆದು ಮುಗಿದ ಮುದಿ ಹಸುಗಳು. ಆಸೆ ಇತ್ತು, ಕೊಡುವ ಮನಸ್ಸಿರಲಿಲ್ಲ. ಮಗ ನನ್ನನ್ನು ಯಾರಿಗೆ ಕೊಡ್ತೀ ಅಂತ ಮತ್ತೆ ಮತ್ತೆ ಕೇಳಿದಾಗ ಅಪ್ಪ ರೇಗಿ ‘ಸಾವಿಗೆ ಕೊಟ್ಟೆ ಹೋಗು’ ಅಂದುಬಿಟ್ಟ. ಬೇಕಂತ ಅಂದನಾ, ಬಾಯಿ ತಪ್ಪಿ ಬಂತಾ? ಗ್ರೀಕರ ಕೈಗೆ ಈ ಕೇಸು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಇದೇ ಧಾತುವಿಂದ ‘ವಶ’ ಬಂತು. ಮೊದಲು ಅದರ ಅರ್ಥ ಇಚ್ಛೆ. ಆಮೇಲೆ ಯಾರ ಇಚ್ಛೆ ನಡೆಯುತ್ತದೋ ಅವರ ಹಿಡಿತ. ಈಗ ಪೇಪರ್ ತೆಗೆದರೆ ‘ಆರೋಪಿ ಪೊಲೀಸರ ವಶಕ್ಕೆ’. ಒಂದೇ ಬೇರು ಗ್ರೀಸಿನಲ್ಲಿ ಸ್ವಂತ ಮನಸ್ಸಿನ ಮನುಷ್ಯನಾಯಿತು, ನಮ್ಮಲ್ಲಿ ಲಾಕಪ್ಪಾಯಿತು.

ಈಗ ನನಗೆ ಈ ಪದದಲ್ಲಿ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ನಾವು ‘ಮನಸಾರೆ’, ‘ಬೇಕಂತ’, ‘ಒಲ್ಲದೆ’ ಅಂತೀವಿ. ಇವೆಲ್ಲ ಕ್ರಿಯೆಗೆ ಅಂಟಿಕೊಳ್ಳುತ್ತವೆ. ಯಾರಿಗೆ ಮನಸ್ಸಿತ್ತು, ಯಾರಿಗಿಲ್ಲ ಅಂತ ಬೇರೆ ಹೇಳಬೇಕು. ‘ಮನಸ್ಸಿಲ್ಲದೆ ಮಗಳನ್ನು ಹಾಸ್ಟೆಲಿಗೆ ಕಳಿಸಿದೆ’ ಅಂದರೆ ಮನಸ್ಸಿಲ್ಲದಿದ್ದದ್ದು ನನಗೆ. ಮಗಳಿಗೂ ಮನಸ್ಸಿರಲಿಲ್ಲ ಅನ್ನಬೇಕಾದರೆ ಇನ್ನೊಂದು ವಾಕ್ಯ ಬೇಕು. ಗ್ರೀಕ್‌ನಲ್ಲಿ ಬೇಡ. ಅಲ್ಲಿ ಮನಸ್ಸನ್ನು ಆಯಾ ಮನುಷ್ಯನ ಹೆಗಲಿಗೇ ಹೊರಿಸುತ್ತಾರೆ. ಲಿಂಗ, ವಚನ, ವಿಭಕ್ತಿ ನೋಡಿದರೆ ಸಾಕು, ಯಾರದ್ದು ಅಂತ ಗೊತ್ತಾಗುತ್ತದೆ.

ಈಸ್ಕಿಲಸ್‌ನ ಹೆಸರಿನಲ್ಲಿ ನಮಗೆ ಬಂದಿರುವ ಪ್ರಮೀಥಿಯಸ್ ನಾಟಕದ ಶುರುವಿನಲ್ಲಿ ಕಮ್ಮಾರ ದೇವರು ಹೆಫೆಸ್ಟಸ್ ಬರುತ್ತಾನೆ. ಮನುಷ್ಯರಿಗೆ ಬೆಂಕಿ ಕದ್ದು ಕೊಟ್ಟ ಪ್ರಮೀಥಿಯಸ್‌ನನ್ನು ಬಂಡೆಗೆ ಮೊಳೆ ಹೊಡೆದು ಕಟ್ಟಬೇಕು, ಅದು ಝ್ಯೂಸ್‌ನ ಅಪ್ಪಣೆ. ಪಕ್ಕದಲ್ಲಿ ‘ಬಿಆ’ ನಿಂತಿದ್ದಾಳೆ. ಬಿಆ ಅಂದರೆ ಬಲಾತ್ಕಾರ. ಅವಳಿಗೆ ನಾಟಕದಲ್ಲಿ ಒಂದೂ ಮಾತಿಲ್ಲ. ಬೇಕಾಗೂ ಇಲ್ಲ. ಹೆಫೆಸ್ಟಸ್ ಸುತ್ತಿಗೆ ಹಿಡಿದು ಹೇಳುತ್ತಾನೆ: ‘ಆಕೊಂತ ಸ್’ ಆಕೋನ್.’ ಮೂರೇ ಪದ. ಆಕೊಂತ, ಒಲ್ಲದವನನ್ನು. ಸ್, ಅಂದರೆ ನಿನ್ನನ್ನು. ಆಕೋನ್, ಒಲ್ಲದ ನಾನು. ಹೊಡೆಯುವವನೂ ಒಲ್ಲ, ಹೊಡೆಸಿಕೊಳ್ಳುವವನೂ ಒಲ್ಲ. ಎರಡು ಪದವನ್ನು ‘ಸ್’ ಅನ್ನೋ ಒಂದೇ ವ್ಯಂಜನ ಹಿಡಿದುಕೊಂಡಿದೆ, ಮೊಳೆ ಹಿಡಿದ ಹಾಗೆ.

ಅದೇ ನಾಟಕದಲ್ಲಿ ಮುಂದೆ ಸಮುದ್ರಕನ್ಯೆಯರು ಬಂದು ನೀನು ತಪ್ಪು ಮಾಡಿದೆ ಅಂದಾಗ ಪ್ರಮೀಥಿಯಸ್ ಹೇಳುವ ಮಾತು: ‘ಹೆಕೋನ್ ಹೆಕೋನ್ ಹೇಮರ್ತೊನ್.’ ಬೇಕು ಬೇಕಂತಲೇ ತಪ್ಪು ಮಾಡಿದೆ, ಇಲ್ಲ ಅನ್ನಲ್ಲ. ನಮ್ಮ ‘ಬೇಕು ಬೇಕಂತಲೇ’ ಇಲ್ಲಿ ಪದಕ್ಕೆ ಪದ ಕೂರುತ್ತದೆ ನೋಡಿ. ಇಂಥ ಅನುವಾದ ಸಿಗೋದು ಅಪರೂಪ.

ಯೂರಿಪಿಡೀಸ್‌ನ ಒಂದು ಕಳೆದುಹೋದ ನಾಟಕದ ಸಾಲನ್ನು ಅರಿಸ್ಟಾಟಲ್ ಉಳಿಸಿಕೊಟ್ಟಿದ್ದಾನೆ. ಒಬ್ಬ ಹೇಳುತ್ತಾನೆ, ನನ್ನ ತಾಯಿಯನ್ನು ಕೊಂದೆ, ಅಷ್ಟೇ ಕಥೆ. ಇನ್ನೊಬ್ಬ ಕೇಳುತ್ತಾನೆ, ‘ಹೆಕೋನ್ ಹೆಕೂಸನ್?’ ಒಪ್ಪಿದ ನೀನು ಒಪ್ಪಿದ ಅವಳನ್ನಾ, ಇಲ್ಲಾ ಬೇರೆ ಥರವಾ? ಮೊದಲ ಪದ ಗಂಡು, ಕರ್ತೃ. ಎರಡನೆಯದು ಹೆಣ್ಣು, ಕರ್ಮ. ಕೊಲೆಗಾರನ ಮನಸ್ಸನ್ನು ಎಲ್ಲರೂ ಕೇಳುತ್ತಾರೆ. ಸತ್ತವಳ ಮನಸ್ಸನ್ನೂ ಅದೇ ಉಸಿರಿನಲ್ಲಿ ಕೇಳುವ ಪ್ರಶ್ನೆ ಇದು. ಅರಿಸ್ಟಾಟಲ್‌ಗೆ ಇದರಿಂದ ಹುಟ್ಟಿದ ಪ್ರಶ್ನೆ, ಒಬ್ಬ ಮನುಷ್ಯ ತಾನಾಗಿ ಒಪ್ಪಿ ಅನ್ಯಾಯಕ್ಕೆ ಒಳಗಾಗಬಹುದಾ ಅನ್ನೋದು. ಅದನ್ನು ಇವತ್ತು ಬಿಡೋಣ, ಅದಕ್ಕೆ ಇನ್ನೊಂದು ಭಾನುವಾರ ಬೇಕು.

ಕಾನೂನಿನ ಕಡೆ ಒಂದು ಸುತ್ತು. ಅಥೆನ್ಸಿನಲ್ಲಿ ಕ್ರಿಸ್ತಪೂರ್ವ 621ರ ಸುಮಾರಿಗೆ ಡ್ರೇಕೋ ಮಾಡಿದ ಕಾನೂನು ತುಂಬಾ ಕಠಿಣ ಅಂತ ಹೆಸರು. ಅದರಲ್ಲಿ ಕೊಲೆಯ ಭಾಗವನ್ನು 409-408ರಲ್ಲಿ ಮತ್ತೆ ಕಲ್ಲಿನ ಮೇಲೆ ಕೆತ್ತಿಸಿದರು, ಆ ಕಲ್ಲು ಇವತ್ತಿಗೂ ಇದೆ. ಅಲ್ಲಿ ನಮ್ಮ ಪದ ಸಿಗುತ್ತದೆ. ಸತ್ತವನಿಗೆ ಹತ್ತಿರದ ಬಂಧುಗಳೇ ಇಲ್ಲದಿದ್ದರೆ, ಕೊಂದವನು ಆಕೋನ್ ಆಗಿ ಕೊಂದ ಅಂತ 51 ಜನ ನ್ಯಾಯಾಧೀಶರು ತೀರ್ಮಾನಿಸಿದರೆ, ಅವನನ್ನು ಮತ್ತೆ ಊರೊಳಗೆ ಬಿಟ್ಟುಕೊಳ್ಳಲು ದಾರಿ ಇತ್ತು. ಬಂಧುಗಳಿದ್ದರೆ ಎಲ್ಲರೂ ಒಪ್ಪಬೇಕು, ಒಬ್ಬ ತಕರಾರು ತೆಗೆದರೂ ಮುಗಿಯಿತು. ಬೇಕಂತ ಕೊಂದವರ ವಿಚಾರಣೆ ಅರಿಯೊಪೇಗಸ್ ಗುಡ್ಡದ ಮೇಲೆ. ಬೇಕಂತ ಅಲ್ಲದ್ದು ಪಲ್ಲೇಡಿಯನ್ ಅನ್ನುವ ಬೇರೆ ಕೋರ್ಟಿನಲ್ಲಿ.

ಇಲ್ಲೊಂದು ತಮಾಷೆ. ಗ್ರೀಕ್‌ನಲ್ಲಿ ಎಸೆಯುವ ಭರ್ಜಿಗೂ ಅದೇ ಅಕ್ಷರಗಳ ಒಂದು ಪದ ಇದೆ. ಭರ್ಜಿ ‘ಅಕೋನ್’, ಒಲ್ಲದವನು ‘ಆಕೋನ್’. ಅ ಹ್ರಸ್ವವೋ ದೀರ್ಘವೋ ಅಂತ ಗ್ರೀಕ್ ಬರವಣಿಗೆ ತೋರಿಸುವುದಿಲ್ಲ, ಹಾಗಾಗಿ ಬರೆದರೆ ಎರಡೂ ಒಂದೇ. ಕನ್ನಡದಲ್ಲಿ ಬರೆದರೆ ತಕ್ಷಣ ಬೇರೆಯಾಗುತ್ತವೆ. ಈ ವಿಷಯದಲ್ಲಿ ನಮ್ಮ ಲಿಪಿಗೆ ಇನ್ನೊಂದು ಅಂಕ. ತಮಾಷೆ ಯಾಕೆ ಅಂದರೆ ಗ್ರೀಕರು ‘ಒಲ್ಲದೆ ಆದ ಕೊಲೆ’ಗೆ ಉದಾಹರಣೆ ಕೊಡುವಾಗ ಮತ್ತೆ ಮತ್ತೆ ಭರ್ಜಿಯನ್ನೇ ಎತ್ತಿಕೊಳ್ಳುತ್ತಾರೆ. ಆಂಟಿಫೋನ್ ಅನ್ನುವ ಭಾಷಣಕಾರ ಬರೆದ ಮಾದರಿ ವಾದದಲ್ಲಿ ಒಬ್ಬ ಹುಡುಗ ಅಭ್ಯಾಸಕ್ಕೆ ಭರ್ಜಿ ಎಸೆಯುತ್ತಾನೆ, ಇನ್ನೊಬ್ಬ ಹುಡುಗ ಅಡ್ಡ ಓಡಿ ಬಂದು ಸಾಯುತ್ತಾನೆ. ಪ್ಲುಟಾರ್ಕ್ ಹೇಳುವ ಇನ್ನೊಂದು ಕಥೆಯಲ್ಲಿ ಫಾರ್ಸಲಸ್ ಊರಿನ ಎಪಿಟಿಮಸ್ ಅನ್ನುವವನು ಆಟಗಾರನೊಬ್ಬನ ಭರ್ಜಿ ತಗುಲಿ ಸತ್ತ. ತಪ್ಪು ಭರ್ಜಿಯದೋ, ಎಸೆದವನದೋ, ಆಟ ನಡೆಸಿದವರದೋ ಅಂತ ಅಥೆನ್ಸಿನ ನಾಯಕ ಪೆರಿಕ್ಲೀಸ್, ಪ್ರೊಟಾಗೊರಸ್ ಅನ್ನುವ ಪಂಡಿತನ ಜೊತೆ ಇಡೀ ದಿನ ಚರ್ಚೆ ಮಾಡಿದನಂತೆ. ಇದನ್ನು ಊರಲ್ಲೆಲ್ಲ ಹೇಳಿ ನಗಾಡಿದ್ದು ಪೆರಿಕ್ಲೀಸ್‌ನ ಸ್ವಂತ ಮಗ. ಮನೆಯಲ್ಲಿ ಪಂಡಿತರಿದ್ದರೆ ಮಕ್ಕಳ ಕಷ್ಟ ಹಾಗಿರುತ್ತದೆ.

ಸಾಕ್ರಟೀಸ್‌ಗೆ ಬರೋಣ. ಅವನ ಪ್ರಸಿದ್ಧ ವಾದ: ಯಾರೂ ಹೆಕೋನ್ ಆಗಿ ತಪ್ಪು ಮಾಡುವುದಿಲ್ಲ. ಒಳ್ಳೆಯದು ಯಾವುದು ಅಂತ ನಿಜವಾಗಿ ಗೊತ್ತಿದ್ದರೆ ಮಾಡೇ ಮಾಡುತ್ತಾರೆ, ತಪ್ಪು ಬರೀ ತಿಳಿವಳಿಕೆಯ ಕೊರತೆ. ಪ್ರಮೀಥಿಯಸ್‌ನ ‘ಹೆಕೋನ್ ಹೆಕೋನ್’ ಕೇಳಿದ ಊರಿನಲ್ಲಿ ಹೀಗೆ ಹೇಳೋದಕ್ಕೆ ಧೈರ್ಯ ಬೇಕು. ಗೀತೆಯಲ್ಲಿ ಅರ್ಜುನ ಕೇಳುವುದು ಇದರ ಪಕ್ಕದ ಪ್ರಶ್ನೆ: ‘ಅನಿಚ್ಛನ್ನಪಿ’, ಬೇಡ ಅಂದುಕೊಂಡರೂ, ಬಲವಂತಕ್ಕೆ ಸಿಕ್ಕವನ ಹಾಗೆ ಮನುಷ್ಯ ಪಾಪ ಮಾಡುತ್ತಾನಲ್ಲ, ಯಾಕೆ? ಅನಿಚ್ಛನ್ ಅನ್ನೋದು ಅರ್ಥದಲ್ಲಿ ಆಕೋನ್‌ನ ಅವಳಿ.

ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಸಂಭಾಷಣೆಯಲ್ಲಿ ಸಾಕ್ರಟೀಸ್ ಈ ವಾದಕ್ಕಾಗಿ ಒಂದು ಪದ್ಯಕ್ಕೆ ಕೈ ಹಾಕುತ್ತಾನೆ. ಸಿಮೊನಿಡೀಸ್ ಕವಿಯ ಸಾಲು. ಪದಗಳ ಕ್ರಮ ಹೀಗಿದೆ: ‘ಹೊಗಳುತ್ತೇನೆ, ಪ್ರೀತಿಸುತ್ತೇನೆ, ಹೆಕೋನ್, ಯಾರು ಕೆಟ್ಟದ್ದನ್ನು ಮಾಡುವುದಿಲ್ಲವೋ ಅವರನ್ನು.’ ನಡುವೆ ಕೂತ ಹೆಕೋನ್ ಯಾರದು? ಎಲ್ಲರೂ ಓದುವುದು ‘ಯಾರು ಬೇಕಂತ ಕೆಟ್ಟದ್ದು ಮಾಡುವುದಿಲ್ಲವೋ’ ಅಂತ. ಸಾಕ್ರಟೀಸ್ ಒಪ್ಪಲ್ಲ. ಬೇಕಂತ ಕೆಟ್ಟದ್ದು ಮಾಡುವವರೇ ಇಲ್ಲವಲ್ಲ, ಸಿಮೊನಿಡೀಸ್ ಅಷ್ಟು ದಡ್ಡನಲ್ಲ, ಹಾಗಾಗಿ ಹೆಕೋನ್ ಸೇರುವುದು ‘ಹೊಗಳುತ್ತೇನೆ’ಗೆ, ನಾನು ಮನಸಾರೆ ಹೊಗಳುತ್ತೇನೆ ಅಂತ ಅರ್ಥ ಅನ್ನುತ್ತಾನೆ. ಪ್ರತ್ಯಯ ನೋಡಿದರೆ ಯಾರ ಮನಸ್ಸು ಅಂತ ಗೊತ್ತಾಗುತ್ತದೆ ಅಂದೆನಲ್ಲ, ಇಲ್ಲಿ ಅದು ಕೈ ಕೊಡುತ್ತದೆ. ‘ನಾನು’ ಕೂಡ ಪ್ರಥಮಾ, ‘ಯಾರು’ ಕೂಡ ಪ್ರಥಮಾ. ಇಬ್ಬರಿಗೂ ಹೆಕೋನ್ ಒಪ್ಪುತ್ತದೆ. ಆಗಿನ ಬರಹದಲ್ಲಿ ಅಲ್ಪವಿರಾಮ ಇರಲಿಲ್ಲ. ಆ ಸಂದಿಯಲ್ಲೇ ಸಾಕ್ರಟೀಸ್ ನುಗ್ಗಿದ. ನನ್ನ ಮಟ್ಟಿಗೆ ಇದು ವಕೀಲಿಕೆ. ಅವನೂ ನಗುತ್ತಲೇ ಹೇಳಿರಬೇಕು.

ಅರಿಸ್ಟಾಟಲ್ ನಗುವವನಲ್ಲ. ತನ್ನ ನೀತಿಶಾಸ್ತ್ರದ 3ನೇ ಪುಸ್ತಕದಲ್ಲಿ ಕೂತು ಎಳೆ ಎಳೆಯಾಗಿ ಬಿಡಿಸುತ್ತಾನೆ. ಬಿಆ, ಅಂದರೆ ಬಲವಂತದಿಂದ ಆದದ್ದು, ಮತ್ತು ಗೊತ್ತಿಲ್ಲದೆ ಆದದ್ದು, ಇವೆರಡು ಒಲ್ಲದವು. ಬಿರುಗಾಳಿಯಲ್ಲಿ ಹಡಗಿನ ಸಾಮಾನು ಸಮುದ್ರಕ್ಕೆ ಎಸೆಯುವುದು? ಸುಮ್ಮನೆ ಯಾರೂ ಎಸೆಯಲ್ಲ, ಆದರೆ ಆ ಹೊತ್ತಿಗೆ ಕೈ ಎತ್ತಿದ್ದು ಅವನೇ, ಹಾಗಾಗಿ ಅದು ಬೆರಕೆ, ಒಪ್ಪಿ ಮಾಡಿದ್ದಕ್ಕೇ ಹತ್ತಿರ. ಸಿಟ್ಟಿನಲ್ಲಿ, ಆಸೆಯಲ್ಲಿ ಮಾಡಿದ್ದು? ಅದು ಒಲ್ಲದೆ ಮಾಡಿದ್ದು ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ. ವಾಜಶ್ರವಸನ ಕೇಸು ಇಲ್ಲಿ ಇತ್ಯರ್ಥ. ಗೊತ್ತಿಲ್ಲದೆ ಆಗುವುದಕ್ಕೆ ಕೊಡುವ ಉದಾಹರಣೆಗಳು ಚೆನ್ನಾಗಿವೆ. ಅದು ಗುಟ್ಟು ಅಂತ ಗೊತ್ತಿರಲಿಲ್ಲ ಅನ್ನುವವನು. ಕವಣೆಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಲು ಹೋಗಿ ಹಾರಿಸಿಯೇ ಬಿಟ್ಟವನು.

ಆದರೆ ಅವನ ನಿಜವಾದ ಸೂಕ್ಷ್ಮ ಇರುವುದು ಇನ್ನೊಂದು ಕಡೆ. ಆಕೋನ್ ಬೇರೆ, ‘ಊಖ್ ಹೆಕೋನ್’ ಬೇರೆ ಅನ್ನುತ್ತಾನೆ. ಒಲ್ಲದವನು ಬೇರೆ, ಒಪ್ಪಿರದವನು ಬೇರೆ. ಗೊತ್ತಿಲ್ಲದೆ ಏನೋ ಮಾಡಿ, ಆಮೇಲೆ ಗೊತ್ತಾದಾಗ ಅಯ್ಯೋ ಅನ್ನುವವನು ಆಕೋನ್. ಗೊತ್ತಾದ ಮೇಲೂ ಏನೂ ಅನ್ನಿಸದವನು ಬರೀ ಊಖ್ ಹೆಕೋನ್. ಇಬ್ಬರೂ ಬೇರೆ, ಬೇರೆ ಹೆಸರಿರುವುದೇ ಒಳ್ಳೆಯದು ಅಂತ ಅವನ ತೀರ್ಮಾನ.

ಇದನ್ನು ಬಸ್ಸಿನಲ್ಲಿ ದಿನಾ ನೋಡಬಹುದು. ರಶ್ಶು. ಒಬ್ಬರ ಕಾಲು ಇನ್ನೊಬ್ಬರಿಗೆ ತಾಗುತ್ತದೆ. ಕೆಲವರು ತಟ್ಟನೆ ಬಗ್ಗಿ ಆ ಮನುಷ್ಯನನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಗುರುತಿಲ್ಲ, ಪರಿಚಯ ಇಲ್ಲ, ಆದರೂ. ಇನ್ನು ಕೆಲವರು ತಿರುಗಿಯೂ ನೋಡುವುದಿಲ್ಲ. ಬೇಕಂತ ಒದ್ದವರು ಇಬ್ಬರಲ್ಲಿ ಯಾರೂ ಅಲ್ಲ. ಕಾಲು ತಾಗಿದ ಆ ಗಳಿಗೆಯಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇಲ್ಲ. ಆಮೇಲಿನ ಅರೆಕ್ಷಣದಲ್ಲಿ ಒಬ್ಬರು ಆಕೋನ್ ಆಗುತ್ತಾರೆ, ಇನ್ನೊಬ್ಬರು ಆಗುವುದಿಲ್ಲ.

ಇಷ್ಟು ಹೊತ್ತು ಹೇಳಿದ ಹೆಕೋನ್ ಮನುಷ್ಯನಿಗೆ ಅಂಟುವ ಪದ. ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಪೌಲ ಇಡೀ ಸೃಷ್ಟಿಯೇ ‘ಊಖ್ ಹೆಕೂಸ’, ತಾನಾಗಿ ಒಪ್ಪದೆ, ವ್ಯರ್ಥತೆಗೆ ಒಳಗಾಯಿತು ಅನ್ನುತ್ತಾನೆ. ಸೃಷ್ಟಿ ಅನ್ನುವ ಗ್ರೀಕ್ ಪದ ಸ್ತ್ರೀಲಿಂಗ, ಹಾಗಾಗಿ ಹೆಕೂಸ. ಅಲ್ಲೂ ಸೃಷ್ಟಿಗೆ ಒಂದು ಮನಸ್ಸಿದೆ ಅನ್ನುವ ಹಾಗೆಯೇ ಮಾತಾಡುತ್ತಾನೆ. ಆದರೆ ಗ್ರೀಕರು ಇದರಿಂದ ಇನ್ನೊಂದು ಪದ ಮಾಡಿಕೊಂಡರು. ‘ಹೆಕೂಸಿಯೊಸ್’. ಅದು ಕೆಲಸಕ್ಕೆ, ಮಾತಿಗೆ, ಕಾಗದಕ್ಕೆ ಅಂಟುವ ಪದ. ಮಾಡಿದವನಲ್ಲ, ಮಾಡಿದ್ದು ಹೆಕೂಸಿಯೊಸ್. ಅರಿಸ್ಟಾಟಲ್‌ಗೆ ಈ ಪದ ಬೇಕೇ ಬೇಕಿತ್ತು. ಕೆಲಸಗಳನ್ನು ವಿಂಗಡಿಸುವವನಿಗೆ ಕೆಲಸಕ್ಕೆ ಅಂಟುವ ಪದ ಬೇಕಲ್ಲ. ಕಾಗದ ಪತ್ರ ಬರೆಯುವವರಿಗೆ ಅದು ಇನ್ನೂ ಅನುಕೂಲವಾಯಿತು.

ನಮ್ಮ ಕ್ರಯಪತ್ರಗಳಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ‘ಯಾರ ಒತ್ತಾಯವೂ ಇಲ್ಲದೆ, ಸ್ವಇಚ್ಛೆಯಿಂದ, ಮನಃಪೂರ್ವಕವಾಗಿ ಬರೆದುಕೊಟ್ಟ.’ ನಮ್ಮ ಊರಿನ ಜಮೀನು ಮಾರಿದಾಗ ನಮ್ಮಜ್ಜಿ ಹೆಬ್ಬೆಟ್ಟು ಒತ್ತಿದ್ದು ಈ ಸಾಲಿನ ಕೆಳಗೇ. ಪತ್ರ ಬರೆಯುವವರು ಗಡಗಡ ಓದಿ ಹೇಳಿದರು. ಅಜ್ಜಿ ಕೇಳಿಸಿಕೊಂಡಳೋ ಇಲ್ಲವೋ. ಬೆರಳಿನ ಮಸಿಯನ್ನು ತಲೆಗೂದಲಿಗೆ ಉಜ್ಜಿಕೊಂಡು, “ಹೋಗಾನ ನಡೀರಿ” ಅಂದಳು.

ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೆಯ ಊರಿನ ಕಸದ ಗುಡ್ಡೆಗಳನ್ನು 1896-97ರ ಚಳಿಗಾಲದಲ್ಲಿ ಅಗೆಯಲು ಶುರು ಮಾಡಿದರು. ರಾಶಿ ರಾಶಿ ಪಪೈರಸ್ ಕಾಗದ ಸಿಕ್ಕವು. ಅದರಲ್ಲಿ 579ನೇ ಇಸವಿಯ ಒಂದು ಜಾಮೀನು ಪತ್ರ ಇದೆ. ಬರೆದುಕೊಟ್ಟವನು ಒಬ್ಬ ಸೀಸದ ಕೆಲಸಗಾರ. ಬರೆಸಿಕೊಂಡವರು ಅಪಿಯೋನ್ ಅನ್ನುವ ದೊಡ್ಡ ಜಮೀನ್ದಾರಿ ಮನೆತನದವರು. ಜಾಮೀನು ಯಾರಿಗೆ? ಆ ಮನೆತನದ ಜಮೀನಿಗೆ ದಾಖಲೆಯಲ್ಲೇ ಕಟ್ಟಿಹಾಕಿದ ಒಬ್ಬ ರೈತನಿಗೆ. ಈ ರೈತ ಹೆಂಡತಿ, ಮನೆಯವರು, ದನಕರು, ಸಾಮಾನು ಸಮೇತ ಅಲ್ಲೇ ಇರುತ್ತಾನೆ, ಬಿಟ್ಟು ಹೋಗುವುದಿಲ್ಲ, ಹೋದರೆ ನಾನು ಹೊಣೆ ಅಂತ ಸೀಸದ ಕೆಲಸಗಾರ ಆಣೆ ಮಾಡುತ್ತಾನೆ. ಆ ಆಣೆಯ ಮೊದಲಿಗೆ ನಮ್ಮ ಕ್ರಯಪತ್ರದ ಸಾಲೇ ಇದೆ: ‘ಹೆಕೂಸಿಯಾಯ್ ಗ್ನೋಮೇಯ್’. ಒಪ್ಪಿದ ಮನಸ್ಸಿನಿಂದ.

ಝ್ಯೂಸ್‌ನ ಸಾಲನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ‘ಹೆಕೋನ್’ ಅಂತ ಒಬ್ಬ ಮನುಷ್ಯ, ಅಂದರೆ ಒಬ್ಬ ದೇವರು, ಎದುರಿಗೆ ನಿಂತಿದ್ದ. ಅವನ ಜೊತೆಗೆ ‘ಅಎಕೊಂತಿ ಥುಮೋಯ್’, ಒಲ್ಲದ ಮನಸ್ಸು. ಎರಡನ್ನೂ ಒಪ್ಪಿಕೊಂಡ. ಇಲ್ಲಿ ಮನಸ್ಸಿಗೆ ಹಚ್ಚಿದ ವಿಭಕ್ತಿ ಅದೇ. ಒಲ್ಲದ ಜಾಗದಲ್ಲಿ ಒಪ್ಪಿದ ಅಂತ ಬಂದಿದೆ. ಆದರೆ ಹೆಕೋನ್ ಅನ್ನುವ ಮನುಷ್ಯ ಆ ಸಾಲಿನಲ್ಲಿ ಇಲ್ಲ.

ಪತ್ರದಲ್ಲಿ ಮುಂದೆ ಬರುವ ಒಂದು ಕರಾರು ಇದು. ನೀವು ಕೇಳಿದ ದಿನ ಆ ರೈತನನ್ನು ತಂದು, ನನ್ನ ಕೈಗೆ ಎಲ್ಲಿ ಒಪ್ಪಿಸಿದಿರೋ ಅಲ್ಲೇ ನಿಮಗೆ ವಾಪಸ್ ಒಪ್ಪಿಸುತ್ತೇನೆ. ಎಲ್ಲಿ ಅಂತಲೂ ಬರೆದಿದೆ: ಆ ಮನೆತನದ ಸ್ವಂತ ಜೈಲಿನಲ್ಲಿ.